ಮಂಜವ್ವನ ನಲವತ್ತು ಎಸೆತ

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನ ಹೆಂಗಸು. ಮೂವತ್ತೊಂದು ವರ್ಷ ಬೆಟಗೇರಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸಿದವಳು. ತಪ್ಪು ಕಂಡರೆ ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ. ಹಾಗಾಗಿ ಮಂಜವ್ವನ ಪಂದ್ಯದ ಕಥೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಮೊನ್ನೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಒಬ್ಬ ಮಹಾಶಯ ಪಕ್ಕದವನಿಗೆ ಹೇಳುತ್ತಿದ್ದ, "ಏಳ ಎಸೆತದಾಗ ಮುಟ್ಟಿಸಿಬಿಟ್ಲಂತ್ರೀ, ಅಕಿ ಮೈಮ್ಯಾಲ ದೇವ್ರು ಬಂದಿತ್ತಂತ!" ಏಳೂ ಅಲ್ಲ, ದೇವರೂ ಅಲ್ಲ. ನಲವತ್ತು ಎಸೆತ. ಒಂದೊಂದನ್ನೂ ಎಣಿಸಿದವಳು ನಾನು, ಕಾಂಚನಾ ಅಕ್ಕೋರು. ಆದ್ದರಿಂದ ನನ್ನಿಂದಲೇ ಕೇಳಿ.

ಮಂಜವ್ವ ಕೊರ್ಲಹಳ್ಳಿಯವಳು, ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು. ಎಂಟನೇ ವರ್ಷಕ್ಕೇ ಜೋಳದ ಹೊಲದಲ್ಲಿ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಕಾಯುವ ಕೆಲಸ. ಕಲ್ಲು ಬೀಸಿ ಬೀಸಿ ತೋಳು ಪಳಗಿತು. ಕೆಲಸ ಮುಗಿದರೆ ಹೊಳೆದಂಡೆ. ಚಪ್ಪಟೆ ಕಲ್ಲು ಆರಿಸಿ, ಬಗ್ಗಿ, ನೀರಿನ ಮೇಲೆ ಅದು ಕಪ್ಪೆಯ ಹಾಗೆ ಜಿಗಿದುಕೊಂಡು ಹೋಗುವಂತೆ ಎಸೆಯುವ ಆಟ. ಊರ ಗಂಡುಹುಡುಗರು ಅವಳ ಮುಂದೆ ನಿಲ್ಲುತ್ತಿರಲಿಲ್ಲವಂತೆ. "ಒಂಬತ್ತ ಸರ್ತಿ ಜಿಗಿಸೀನ್ರಿ ಅಕ್ಕೋರ, ನೀವು ನಂಬೂದಿಲ್ಲ" ಎನ್ನುತ್ತಿದ್ದಳು. ನಾನು ಖಂಡಿತ ನಂಬಿರಲಿಲ್ಲ.

ಮದುವೆಯಾಗಿ ಬಂದದ್ದು ಬೆಟಗೇರಿಯ ನೇಕಾರ ಮೂಕಪ್ಪನ ಮನೆಗೆ. ಮೂಕಪ್ಪನ ಕೈಯ ಸೀರೆ ಅಂದರೆ ಅಂಗಡಿಯವರು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದರು. ಆದರೆ ಮನುಷ್ಯನಿಗೆ ಇಸ್ಪೀಟಿನ ಚಟ. ಒಂದು ದೀಪಾವಳಿಗೆ ಕೈಲಿದ್ದದ್ದೆಲ್ಲ ಸೋತು, ಕೊನೆಗೆ ಮಗ್ಗವನ್ನೇ ಆಟಕ್ಕಿಟ್ಟ. ಮರುದಿನ ನಾಲ್ಕು ಜನ ಬಂದು ಮಗ್ಗ ಬಿಚ್ಚಿಕೊಂಡು ಹೋದರು. ಅರ್ಧ ನೇಯ್ದ ಸೀರೆ ಅದರಲ್ಲೇ ಇತ್ತು. ನೇಯುವವನು ಕಾಲಿಡಲೆಂದು ಮಗ್ಗದ ಕೆಳಗೆ ತೋಡಿದ್ದ ಆ ಖಾಲಿ ಕುಣಿಯಲ್ಲಿ ಕಾಲು ಇಳಿಬಿಟ್ಟು ಮೂಕಪ್ಪ ಮೂರು ದಿನ ಕುಳಿತಿದ್ದನಂತೆ. ಆಮೇಲೆ ಅವನು ಬಹಳ ಕಾಲ ಬದುಕಲಿಲ್ಲ.

ಆಗ ಮಂಜವ್ವ ಅರಳೆ ಮಿಲ್ಲಿನ ಗೇಟಿನ ಮುಂದೆ ಒಲೆ ಹೂಡಿ ಜೋಳದ ರೊಟ್ಟಿ ಬಡಿಯತೊಡಗಿದಳು. ಮಿಲ್ಲಿನ ಮಾಲೀಕ ಉಳವಪ್ಪ ಸಾಹುಕಾರರು ಒಂದು ದಿನ ಗಾಡಿ ನಿಲ್ಲಿಸಿ ಆ ರೊಟ್ಟಿ ತಿಂದರು. ತಿಂದವರೇ ಕಾಂಪೌಂಡಿನ ಪಕ್ಕದ ಉದ್ದನೆಯ ಪಟ್ಟಿ ಜಾಗ ತೋರಿಸಿ, "ಬಿಸಲಾಗ ಯಾಕ ಕುಂಡ್ರತಿ? ಅಲ್ಲೆ ತಗಡ ಹಾಕ್ಕೋ. ನೀ ರೊಟ್ಟಿ ಬಡಿಯೂಮಟ ಆ ಜಾಗಾ ನಿಂದ" ಎಂದರು. ಬಾಯಿ ಮಾತು. ಚೀಟಿ ಇಲ್ಲ, ಸಹಿ ಇಲ್ಲ. ಆ ತಗಡಿನ ಕೆಳಗೆ ಇಪ್ಪತ್ತಾರು ವರ್ಷದಲ್ಲಿ ಒಂದು ಒಲೆ ಹೋಗಿ ಆರು ಒಲೆಯಾದವು. ಮಂಜವ್ವನೊಬ್ಬಳಿದ್ದಲ್ಲಿ ಹನ್ನೊಂದು ಹೆಂಗಸರಾದರು, ಅವರದೇ ಒಂದು ಸಂಘವೂ ಆಯಿತು. ಎಲ್ಲರೂ ಗಂಡ ಸತ್ತವರು, ಬಿಟ್ಟವರು, ಇಲ್ಲವೇ ಇದ್ದೂ ಇಲ್ಲದಂಥವರು. ಮಂಜವ್ವನ ಬಲಗೈಯಂತಿದ್ದವಳು ಜನ್ನತಬಿ. ಕಡಿಮೆ ಮಾತು, ತೆಳು ರೊಟ್ಟಿ.

ಮಿಲ್ಲು ಮುಚ್ಚಿತು. ಸಾಹುಕಾರರಿಗೆ ವಯಸ್ಸಾಯಿತು. ಆಸ್ತಿಯೆಲ್ಲ ಮಗ ನಂದೀಶನ ಹೆಸರಿಗೆ ಹೋಯಿತು. ಅವನು ಸಣ್ಣವನಿದ್ದಾಗಿನಿಂದ ಹೊರಗಿನ ಹಾಸ್ಟೆಲುಗಳಲ್ಲಿ ಬೆಳೆದವನು. ಊರಿಗೆ ಬಂದವನೇ ಮಿಲ್ಲು ಕೆಡವಿ ಮೂರಂತಸ್ತಿನ ಮಾಲ್ ಕಟ್ಟಿಸಿದ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಕಟ್ಟಿಸಿದ್ದಾನೆ. ಶಿಗ್ಲಿ, ಶಿರಹಟ್ಟಿ, ಮುಂಡರಗಿಯಿಂದ ಜನ ಬರೀ ಎಸ್ಕಲೇಟರ್ ಹತ್ತಿ ಇಳಿಯಲು ಬರುತ್ತಿದ್ದರು. ಹತ್ತಿ ಇಳಿದು ಸುಸ್ತಾದವರು ಪಕ್ಕದ ತಗಡಿನಡಿ ಕುಳಿತು ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ ತಿನ್ನುತ್ತಿದ್ದರು. ಮಾಲಿನಿಂದ ಮಂಜವ್ವನಿಗೂ ಒಳ್ಳೆಯದೇ ಆಗಿತ್ತು.

ಕೇಡು ಬಂದದ್ದು ಗೋವಾದಿಂದ. ನಂದೀಶ ತಿಂಗಳಿಗೆರಡು ಸಲ ಗೋವಾಕ್ಕೆ ಹೋಗುತ್ತಿದ್ದ, ಅಲ್ಲಿನ ಕ್ಯಾಸಿನೊದಲ್ಲಿ ಆಡಲು. ಒಂದು ಸಲ ಹೋದವನು ಇಬ್ಬರು ಪಾಲುದಾರರನ್ನು ಕಟ್ಟಿಕೊಂಡು ಬಂದ. ಮಾಲಿನ ಗೋಡೆಗೆ ದೊಡ್ಡ ಬೋರ್ಡು ಬಿತ್ತು: "ರಾಯಲ್ ರಿಕ್ರಿಯೇಶನ್ ಕ್ಲಬ್, ಸದ್ಯದಲ್ಲೇ." ಕ್ಯಾಸಿನೊ ಎಂದು ಬರೆದರೆ ಪರವಾನಗಿ ಸಿಗುವುದಿಲ್ಲ, ಅದಕ್ಕೆ ಈ ಒಳ್ಳೆಯ ಹೆಸರು. ಒಳಗೆ ಇಸ್ಪೀಟಿನ ಮೇಜುಗಳೇ ಎಂದು ಊರಿಗೆಲ್ಲ ಗೊತ್ತಿತ್ತು. "ಗೋವಾಕ್ಕ ಯಾಕ ಹೋಗಬೇಕ್ರಿ? ಗೋವಾನ ಗದಗಿಗಿ ತರೂಣು!" ಎಂದು ನಂದೀಶ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಕ್ಲಬ್ಬಿಗೆಂದು ಕಟ್ಟಿಸಿದ ಕಟ್ಟಡದ ಒಂದು ಮಗ್ಗುಲಿಗೆ ಮಾಲು, ಹಿಂದೆ ದೊಡ್ಡ ಚರಂಡಿ; ಮಾಲಿನೊಳಗಿನಿಂದ ಕ್ಲಬ್ಬಿಗೆ ಬಾಗಿಲಿಡಲು ಪರವಾನಗಿ ಇಲ್ಲ. ಬಾಗಿಲು ಇಡಲು ಉಳಿದದ್ದು ಒಂದೇ ಜಾಗ, ಮಂಜವ್ವನ ತಗಡಿನ ಪಟ್ಟಿ. ಗಣಪತಿ ಕೂರುವುದರೊಳಗೆ ಖಾಲಿ ಮಾಡಿ ಎಂದು ವಕೀಲರ ನೋಟಿಸು ಬಂತು.

ನೋಟಿಸು ಓದಿ ಹೇಳಿದವಳು ನಾನೇ. ಓದಿ ಮುಗಿಸಿದಾಗ ಮಂಜವ್ವ ಕೇಳಿದ್ದು ಒಂದೇ ಮಾತು. "ಅಲ್ಲೆ ಇಸ್ಪೀಟ ಆಡ್ತಾರೇನ್ರಿ ಅಕ್ಕೋರ? ನನ್ನ ಒಲಿ ಇದ್ದಲ್ಲೆ?" ನಾನು ಹೌದೆಂದೆ. ಅವಳು ಎದ್ದು ಹೋಗಿ ಕೊಡದ ನೀರು ತೆಗೆದುಕೊಂಡು ಮುಖ ತೊಳೆದುಕೊಂಡಳು.

ನಾನು ಕಾಗದದ ಮೇಲೆ ನಂಬಿಕೆ ಇಟ್ಟವಳು. ಒಂಬತ್ತು ಅರ್ಜಿ ಬರೆದೆ. ಅಕ್ಷರ ಮುತ್ತಿನಂತಿದ್ದವು, ಒಂದು ಒತ್ತಕ್ಷರ ತಪ್ಪಿರಲಿಲ್ಲ. ಎಲ್ಲ ಕಡೆಯಿಂದಲೂ ಒಂದೇ ಉತ್ತರ: ನಿಮ್ಮ ಹತ್ತಿರ ಕಾಗದ ಏನಿದೆ? ಕೊನೆಗೆ ಉಳವಪ್ಪ ಸಾಹುಕಾರರ ಮನೆಗೇ ಹೋದೆವು. ಎಂಬತ್ತು ದಾಟಿದ ಆ ಮುದುಕರು ಕೋಲಿನ ಮೇಲೆ ಗದ್ದವಿಟ್ಟು ಕುಳಿತಿದ್ದರು. "ಮಾತು ಕೊಟ್ಟದ್ದು ಖರೆ ಐತ್ರಿ" ಎಂದರು. ಮಗ ಒಳಗಿನಿಂದಲೇ, "ಅಪ್ಪಾಜಿ, ಈಗಿನ ಕಾಲ ಬ್ಯಾರೆ ಐತಿ" ಎಂದ. ಮುದುಕರು ಸುಮ್ಮನಾದರು. ನಾನು ಆ ಮನೆಯ ಚಹಾ ಮುಟ್ಟದೆ ಎದ್ದು ಬಂದೆ.

ಅಷ್ಟರಲ್ಲಿ ಪಂಚಮಿ ಬಂತು. ನಮ್ಮ ಕಡೆ ನಾಗರಪಂಚಮಿಯ ಹಿಂದಿನ ದಿನ ರೊಟ್ಟಿ ಪಂಚಮಿ. ಮನೆಮನೆಯಲ್ಲೂ ರೊಟ್ಟಿ ಬಡಿದು ನೆರೆಹೊರೆಯವರಿಗೆ ಹಂಚುತ್ತಾರೆ. ಮರುದಿನ ನಾಗಪ್ಪನಿಗೆ ಹಾಲೆರೆಯುವ ದಿನ, ಅವತ್ತು ಒಲೆಯ ಮೇಲೆ ಹಂಚು ಇಡುವಂತಿಲ್ಲ. ಕೈ ಖಾಲಿಯಾದ ಜನ ಜೋಕಾಲಿ ಜೀಕುತ್ತಾರೆ, ಉಂಡಿ ತಿನ್ನುತ್ತಾರೆ, ಪಂದ್ಯ ಕಟ್ಟುತ್ತಾರೆ. ಒಬ್ಬ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುತ್ತಾನೆ, ಒಬ್ಬ ಜೋಳದ ಚೀಲ ಹೊತ್ತು ಗುಡಿ ಸುತ್ತುತ್ತಾನೆ. ಎಲ್ಲಕ್ಕಿಂತ ಹೆಚ್ಚು ನಡೆಯುವುದು ಲಿಂಬೆಹಣ್ಣಿನ ಪಂದ್ಯ, ಇಂತಿಷ್ಟು ಎಸೆತದಲ್ಲಿ ಇಂಥ ಜಾಗ ಮುಟ್ಟಿಸಬೇಕು. ಪಂದ್ಯ ಕಟ್ಟುವವನು ಎದುರಿನವರ ಕೈಗೆ ಒಂದು ಒಣಕೊಬ್ಬರಿ ಬಟ್ಟಲು ಕೊಡುತ್ತಾನೆ. ಕೊಬ್ಬರಿ ಕೈ ಬದಲಾಯಿಸಿತು ಅಂದರೆ ಮುಗಿಯಿತು, ಇಬ್ಬರೂ ಹಿಂದೆ ಸರಿಯುವಂತಿಲ್ಲ.

ರೊಟ್ಟಿ ಪಂಚಮಿಯ ಮುಂಜಾನೆ ನಂದೀಶ ಮಾಲಿನ ಅಂಗಳದಲ್ಲಿ ಹಬ್ಬದ ಜಾತ್ರೆಯನ್ನೇ ಮಾಡಿದ್ದ. ಪ್ಲಾಸ್ಟಿಕ್ ಹೂವಿನ ಜೋಕಾಲಿ, ಬುಟ್ಟಿ ತುಂಬ ಕೊಬ್ಬರಿ ಬಟ್ಟಲು, ಹುಲ್ಲುಹಾಸಿನ ಮೇಲೆ ಲಿಂಬೆಹಣ್ಣು ಎಸೆಯುವ ಆಟ. ಮಾಲಿನ ಕಾವಲುಗಾರರಲ್ಲಿ ಗಟ್ಟಿ ಆಳೊಬ್ಬ ಎಸೆದ ಹಣ್ಣು ಮೂವತ್ತೈದು ಹೆಜ್ಜೆ ದೂರ ಹೋಗಿ ಹುಲ್ಲಿನಲ್ಲಿ ಕುಳಿತಿತು. ಅದೇ ಆ ದಿನದ ದಾಖಲೆ. ಮಂಜವ್ವ ಮಾಲಿನವರಿಗೆ ರೊಟ್ಟಿ ಹಂಚಲು ಬುಟ್ಟಿ ಹೊತ್ತು ಹೋಗಿದ್ದಳು. ನೋಟಿಸು ಕೊಟ್ಟವನ ಮನೆಗೂ ರೊಟ್ಟಿ ಕೊಡುವುದೇ! ನಾನು ಬೈದಿದ್ದೆ. "ಹಬ್ಬ ಅಲ್ಲೇನ್ರಿ ಅಕ್ಕೋರ" ಎಂದಿದ್ದಳು.

ನಂದೀಶ ಕೈಯಲ್ಲಿ ಮೈಕು ಹಿಡಿದಿದ್ದ. ಪಕ್ಕದಲ್ಲಿ ಗೋವಾದ ಪಾಲುದಾರರು. ಅವಳನ್ನು ಕಂಡವನೇ ಮೈಕಿನಲ್ಲಿಯೇ ಕೂಗಿದ, "ಏ ಮಂಜವ್ವಾ, ಪಂದ್ಯ ಕಟ್ಟೂಣೇನು? ಕೋರ್ಟು ಕಚೇರಿ ಯಾಕ ಬೇಕು? ಈ ಮಾಲ್ ಗೇಟಿನಿಂದ ಬೈಪಾಸ್ ಬನ್ನಿ ಗಿಡದ ಮಟ, ನಲವತ್ತ ಎಸೆತ! ಮುಟ್ಟಿಸಿದಿ ಅಂದ್ರ ಜಾಗಾ ನಿಂದ, ಇಲ್ಲಂದ್ರ ನೀ ಗಪ್ ಚಿಪ್ ಎದ್ದ ಹೋಗಬೇಕು!"

ಜನ ಹೋ ಎಂದು ನಕ್ಕರು. ಬನ್ನಿ ಗಿಡ ಒಂದೂವರೆ ಕಿಲೋಮೀಟರು ದೂರ. ಐವತ್ತಾರು ವರ್ಷದ ಹೆಂಗಸು, ತಲೆಯ ಮೇಲೆ ರೊಟ್ಟಿ ಬುಟ್ಟಿ. ನಂದೀಶ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ. ಕಾವಲುಗಾರನ ಕೈಲೂ ಆಗದ್ದು ಇವಳ ಕೈಲಿ ಏನಾದೀತು? ಮಂಜವ್ವ ನಗಲಿಲ್ಲ. ಬುಟ್ಟಿ ಇಳಿಸಿ, "ನಾಳೆ ಮುಂಜಾನೆ ಹೇಳತೀನ್ರಿ ಸಾವಕಾರ" ಎಂದಳು. ಅದನ್ನು ಕೇಳಿ ಜನ ಮತ್ತೂ ನಕ್ಕರು.

ಮಧ್ಯಾಹ್ನ ಒಲೆ ಆರಿಸಿದ ಮೇಲೆ ಹನ್ನೊಂದು ಜನವೂ ತಗಡಿನಡಿ ಕುಳಿತರು. ನಾನು ಹನ್ನೆರಡನೆಯವಳು, ಎಲ್ಲರಿಗಿಂತ ಹೆಚ್ಚು ಕೂಗಾಡಿದವಳೂ ನಾನೇ. "ಹುಚ್ಚ ಹಿಡದೈತೇನ ನಿನಗ? ಮೂಕಪ್ಪ ಮಾಡಿದ್ದನ್ನ ನೀನೂ ಮಾಡಾಕ ಹೊಂಟೀ ಏನು? ಅಂವ ಮಗ್ಗ ಇಟ್ಟ, ನೀ ಒಲಿ ಇಡ್ತಿ!" ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳ ಗಂಡನ ಮಾತು ಎತ್ತಬಾರದಿತ್ತು.

ಮಂಜವ್ವ ಸಿಟ್ಟಾಗಲಿಲ್ಲ. "ಖರೆ ಐತ್ರಿ ಅಕ್ಕೋರ, ಅದಕ್ಕ ಇಲ್ಲೆ ಕುಂತೀನಿ. ಅಂವ ನನ್ನ ಕೇಳದ ಮಗ್ಗ ಇಟ್ಟ. ನಾ ಇವರನ್ನ ಕೇಳದ ಒಲಿ ಇಡಂಗಿಲ್ಲ. ಒಬ್ಬಾಕಿ ಬ್ಯಾಡ ಅಂದ್ರೂ ಬ್ಯಾಡ" ಎಂದಳು.

ಸೋತರೆ ಹನ್ನೊಂದು ಮನೆ ಬೀದಿಗೆ ಬೀಳುತ್ತವೆ. ಸುಮ್ಮನಿದ್ದರೂ ಬೀಳುತ್ತವೆ, ಒಂದು ತಿಂಗಳು ತಡವಾಗಿ. ಕೊನೆಗೆ ಜನ್ನತಬಿ ಬಾಯಿ ಬಿಟ್ಟಳು. "ನೀ ಎಸೀಬಲ್ಲಿ ಏನು? ಖರೆ ಹೇಳು."

"ತಡಿ, ರಸ್ತಾ ನೋಡಿ ಬರ್ತೀನಿ" ಎಂದು ಮಂಜವ್ವ ಎದ್ದಳು. ಸೆರಗಿನಲ್ಲಿ ನಾಲ್ಕು ಲಿಂಬೆಹಣ್ಣು ಕಟ್ಟಿಕೊಂಡು ಬನ್ನಿ ಗಿಡದ ತನಕ ಬರಿಗಾಲಲ್ಲಿ ನಡೆದು ಹೋದಳು. ವಾಪಸು ಬಂದಾಗ ಮುಖದಲ್ಲಿ ಏನೋ ಒಂದು ತುಂಟತನ. "ಪಾಪ, ರಸ್ತಾ ಭಾಳ ಚಲೋ ಮಾಡಸ್ಯಾನವಾ. ನುಣ್ಣಗ ನಮ್ಮ ಕೊಣಮಗಿ ಇದ್ದಂಗ ಐತಿ" ಎಂದಳು. ಕೊಣಮಗಿ ಎಂದರೆ ಹಿಟ್ಟು ನಾದುವ ಕಟ್ಟಿಗೆಯ ಪರಾತ. ನನಗೆ ಏನೂ ತಿಳಿಯಲಿಲ್ಲ. ಜನ್ನತಬಿಗೆ ತಿಳಿಯಿತು. "ಹಂಗಾರ ಎಸಿ" ಎಂದಳು. ಒಬ್ಬೊಬ್ಬರಾಗಿ ಹತ್ತೂ ಜನ ಕೈ ಎತ್ತಿದರು.

ಮರುದಿನ ನಾಗಪ್ಪನಿಗೆ ಹಾಲೆರೆದು ಮಂಜವ್ವ ಮಾಲಿನ ಗೇಟಿಗೆ ಬಂದಾಗ ಎಂಟೂವರೆ. ಸುದ್ದಿ ಆಗಲೇ ಊರೆಲ್ಲ ಹರಡಿ ರಸ್ತೆಯ ಎರಡೂ ಬದಿ ಜನವೋ ಜನ. ಮಂಜವ್ವ ಸೀರೆಯ ನೆರಿಗೆ ಎತ್ತಿ ಕಚ್ಚೆ ಹಾಕಿಕೊಂಡಿದ್ದಳು. ನಂದೀಶನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು, "ನಾ ಸೋತ್ರ ನಾಳೇನ ಜಾಗಾ ಬಿಡತೀವಿ. ನೀವು ಸೋತ್ರ ಜಾಗಾ ನಮ್ಮ ಸಂಘದ ಹೆಸರಿಗಿ ಬರದ ಕೊಡಬೇಕು. ಈ ಅಕ್ಕೋರು ಓದಿ ಹೌದು ಅನ್ನೂ ಅಂಥಾ ಕಾಗದ. ಒಪ್ಪಿಗಿ ಇದ್ರ ಕೊಬ್ಬರಿ ಕೊಡ್ರಿ."

ನಂದೀಶನಿಗೆ ಖುಷಿಯೋ ಖುಷಿ. ನೂರಾರು ಮೊಬೈಲುಗಳು ಅವನ ಕಡೆಗೇ ತಿರುಗಿದ್ದವು. ಬುಟ್ಟಿಯಿಂದ ಒಂದು ದೊಡ್ಡ ಕೊಬ್ಬರಿ ಬಟ್ಟಲು ಆರಿಸಿ, ಬಗ್ಗಿ ನಮಸ್ಕಾರದ ನಾಟಕ ಮಾಡಿ ಅವಳ ಕೈಯಲ್ಲಿಟ್ಟ. "ಎಲ್ಲಾ ನಮ್ಮ ಊರ ಪದ್ಧತಿ ಪ್ರಕಾರನ ನಡೀಲಿ! ನಮ್ಮ ಅಪ್ಪಾಜಿನ ಪಂಚರು!" ಎಂದು ಮೈಕಿನಲ್ಲಿ ಘೋಷಿಸಿದ. ಉಳವಪ್ಪ ಸಾಹುಕಾರರನ್ನು ತೆರೆದ ಜೀಪಿನಲ್ಲಿ ಕೂರಿಸಿದರು. ಎಣಿಸುವ ಕೆಲಸ ನನಗೆ ಬಂತು. ಕೆಂಪು ಪೆನ್ನು ಕೈಗೆತ್ತಿಕೊಂಡೆ.

ಮೊದಲ ಎಸೆತ. ಗಂಡಸರು ಎಸೆಯುವ ಹಾಗೆ ಆಕಾಶಕ್ಕೆ ಎಸೆಯುತ್ತಾಳೆಂದು ಎಲ್ಲರೂ ಕತ್ತು ಎತ್ತಿದ್ದರು. ಮಂಜವ್ವ ಸೊಂಟದ ಮಟ್ಟದಲ್ಲಿ ಕೈ ಬೀಸಿದಳು. ಹಣ್ಣು ತಗ್ಗಿನಲ್ಲೇ ಹಾರಿ ಇಪ್ಪತ್ತು ಹೆಜ್ಜೆಗೇ ರಸ್ತೆಗೆ ಬಡಿಯಿತು. ನಂದೀಶ ಚಪ್ಪಾಳೆ ಹೊಡೆದ. "ಇಪ್ಪತ್ತ ಹೆಜ್ಜಿ! ಬರೇ ಇಪ್ಪತ್ತ!"

ಆದರೆ ಹಣ್ಣು ನಿಂತಿರಲಿಲ್ಲ. ಅದು ಉರುಳುತ್ತಿತ್ತು. ಮಾಲಿಗೆ ಕಾರುಗಳು ಬರಲೆಂದು ನಂದೀಶನೇ ಮುಂದೆ ನಿಂತು ಹಾಕಿಸಿದ ಕಾಂಕ್ರೀಟು ರಸ್ತೆ, ಒಂದು ಕಿಲೋಮೀಟರು ಉದ್ದ, ಕನ್ನಡಿಯಷ್ಟು ನುಣುಪು. ಲಿಂಬೆಹಣ್ಣು ಅದರ ಮೇಲೆ ಗಡಗಡ ಓಡಿತು. ಮೂವತ್ತು ಹೆಜ್ಜೆ, ನಲವತ್ತು, ಐವತ್ತು. ಅರವತ್ತರ ಹತ್ತಿರ ಹೋಗಿ ಸುಸ್ತಾಗಿ ನಿಂತಿತು.

"ಅದ ಬಿದ್ದದ್ದು ಇಲ್ಲೆ!" ನಂದೀಶ ಓಡಿ ಬಂದು ಇಪ್ಪತ್ತನೇ ಹೆಜ್ಜೆಯ ಜಾಗದಲ್ಲಿ ನಿಂತ. "ಇಲ್ಲಿಂದ ಎಸೀಬೇಕು!"

ಗುಂಪಿನಲ್ಲಿ ಹತ್ತಾರು ಗಂಟಲುಗಳು ಒಟ್ಟಿಗೆ ಎದ್ದವು. ಹಾಸ್ಟೆಲಿನಲ್ಲಿ ಬೆಳೆದ ಹುಡುಗನಿಗೆ ಪಂಚಮಿಯ ಪಂದ್ಯ ಗೊತ್ತೇ ಇರಲಿಲ್ಲ. ಅವನು ಕಂಡದ್ದು ಮಾಲಿನ ಹುಲ್ಲುಹಾಸಿನ ಆಟ, ಬಿದ್ದಲ್ಲೇ ಹಣ್ಣು ಕೂರುವ ಆಟ. ಜೀಪಿನಲ್ಲಿದ್ದ ಮುದುಕರು ಕೋಲೆತ್ತಿದರು. "ಊರ ಪದ್ಧತಿ ಅಂತ ನೀನ ಅಂದಿ. ಹಣ್ಣು ಬಿದ್ದಲ್ಲೆ ಅಲ್ಲೋ ತಮ್ಮಾ, ನಿಂತಲ್ಲೆ. ನಿಂತಲ್ಲಿಂದ ಮುಂದಿನ ಎಸೆತ. ನಮ್ಮಜ್ಜನ ಕಾಲದಿಂದ ಹಂಗ ಐತಿ" ಎಂದರು.

ಎದ್ದಿತು ನೋಡಿ ಕೇಕೆ! ನಾನು ಕೂಡ ಶಿಳ್ಳೆ ಹಾಕಲು ನೋಡಿದೆ, ಬರೀ ಗಾಳಿ ಬಂತು.

ಆದರೆ ಕೆಲಸ ಸಲೀಸಾಗಿರಲಿಲ್ಲ. ಒಂಬತ್ತನೇ ಹಣ್ಣು ಓಡುತ್ತ ಓಡುತ್ತ ಪಕ್ಕಕ್ಕೆ ಹೊರಳಿ ಚರಂಡಿಗೆ ಬಿತ್ತು. ಎಸೆತ ದಂಡ, ಅದೇ ಜಾಗದಿಂದ ಮತ್ತೆ. ಹದಿನಾಲ್ಕನೆಯದು ಇನ್ನೂ ಉರುಳುತ್ತಿದ್ದಾಗಲೇ ಎಲ್ಲಿಂದಲೋ ಒಂದು ಆಡು ಬಂದು ಅದನ್ನು ಬಾಯಿಗೆ ಹಾಕಿಕೊಂಡಿತು. ಅದರ ಬಗ್ಗೆ ದೊಡ್ಡ ವಾದವೇ ಆಯಿತು. ನಂದೀಶ ಎಸೆತ ರದ್ದು ಎಂದ, ಜನ್ನತಬಿ ಆಡನ್ನೇ ಬನ್ನಿ ಗಿಡದ ತನಕ ಓಡಿಸೋಣ ಎಂದಳು. ಸಾಹುಕಾರರು ತೀರ್ಪು ಕೊಟ್ಟರು, "ಆಡು ತಿಂದಲ್ಲೆ ನಿಂತಂಗ." ಇಪ್ಪತ್ತೆರಡನೇ ಎಸೆತಕ್ಕೆ ಕಾಂಕ್ರೀಟು ಮುಗಿಯಿತು. ಮುಂದೆ ಅರ್ಧ ಕಿಲೋಮೀಟರು ಹಳೆಯ ಡಾಂಬರು, ತಗ್ಗು ದಿಣ್ಣೆ. ಉಳಿದದ್ದು ಹದಿನೆಂಟು ಎಸೆತ.

ನಂದೀಶ ಮತ್ತೆ ನಗತೊಡಗಿದ. ಇಲ್ಲಿ ಹಣ್ಣು ಓಡುವುದಿಲ್ಲ, ತೋಳಿನ ಬಲವೇ ಬೇಕು. ಮಂಜವ್ವ ಈಗ ಮೇಲೆತ್ತಿ ಎಸೆದಳು, ಹೊಲದ ಹಕ್ಕಿಗೆ ಬೀಸಿದಂತೆ. ಮೂವತ್ತು ಹೆಜ್ಜೆ, ಮೂವತ್ತೈದು ಹೆಜ್ಜೆ. ಇಪ್ಪತ್ತಾರು ವರ್ಷ ರೊಟ್ಟಿ ಬಡಿದ ತೋಳು ಅದು. ಅದರ ಮೇಲೆ ನಾನು ಒಂಬತ್ತು ಅರ್ಜಿಗಿಂತ ಹೆಚ್ಚು ನಂಬಿಕೆ ಇಡಬೇಕಿತ್ತು. ಮೂವತ್ತಮೂರನೇ ಎಸೆತಕ್ಕೆ ಹೆಗಲು ಹಿಡಿದುಕೊಂಡಿತು. ಮಂಜವ್ವ ಹಲ್ಲು ಕಚ್ಚಿ ರಸ್ತೆಯ ಮೇಲೇ ಕುಳಿತುಬಿಟ್ಟಳು. ಜನ್ನತಬಿ ಕುಸುಬಿ ಎಣ್ಣೆ ಹಚ್ಚಿ ಹೆಗಲು ತಿಕ್ಕಿದಳು.

"ಸಾಕು ಬಿಡವಾ, ಕೈ ಮುರಕೋಬ್ಯಾಡ" ಎಂದೆ. ಖರೆ ಹೇಳುತ್ತೇನೆ, ನನಗೆ ಆಗ ಜಾಗಕ್ಕಿಂತ ಅವಳ ಕೈಯ ಚಿಂತೆ ಹತ್ತಿತ್ತು.

ಮಂಜವ್ವ ನನ್ನನ್ನು ದುರುಗುಟ್ಟಿ ನೋಡಿದಳು. "ನೀವು ಎಣಸ್ರಿ ಅಕ್ಕೋರ. ಎಸಿಯೂದು ನನ್ನ ಕೆಲಸ" ಎಂದಳು. ಮೂವತ್ತೊಂದು ವರ್ಷದಲ್ಲಿ ನನ್ನ ಬಾಯಿಯನ್ನು ಹಾಗೆ ಯಾರೂ ಮುಚ್ಚಿಸಿರಲಿಲ್ಲ.

ಮೂವತ್ತೊಂಬತ್ತನೇ ಎಸೆತ ಬಿದ್ದಾಗ ಬನ್ನಿ ಗಿಡ ಎದುರಿಗೇ ಇತ್ತು, ಸುಮಾರು ನಲವತ್ತು ಹೆಜ್ಜೆ. ಆದರೆ ನಡುವೆ ನೀರು. ಹಿಂದಿನ ರಾತ್ರಿ ಸುರಿದ ಶ್ರಾವಣದ ಮಳೆ ಅಲ್ಲಿನ ತಗ್ಗಿನಲ್ಲಿ ನಿಂತು ಸಣ್ಣ ಕೆರೆಯೇ ಆಗಿತ್ತು. ನಾವು ನಿಂತ ಜಾಗದಿಂದ ಹತ್ತು ಹೆಜ್ಜೆಗೆ ನೀರು ಶುರು, ಗಿಡದ ಬುಡಕ್ಕೆ ಹತ್ತು ಹೆಜ್ಜೆ ಇರುವಾಗ ಮುಗಿಯುವುದು. ಉಳಿದದ್ದು ಒಂದೇ ಎಸೆತ. ಅವಳ ಹೆಗಲು ಮೇಲೆ ಏಳುತ್ತಿರಲಿಲ್ಲ. ಎತ್ತರಕ್ಕೆ ಎಸೆಯದಿದ್ದರೆ ಹಣ್ಣು ನೀರಿನಲ್ಲಿ ಬಿದ್ದು ಅಲ್ಲೇ ತೇಲುತ್ತದೆ. ನೀರಲ್ಲಿ ನಿಂತರೆ ನಿಂತಂತೆಯೇ, ಹನ್ನೊಂದು ಜನರ ಒಲೆಯೂ ಅದರಲ್ಲೇ ಮುಳುಗಿದಂತೆ. ಹತ್ತು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ನಿಂತರು.

ಮಂಜವ್ವ ನೀರು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಜನ್ನತಬಿ ಹೊತ್ತು ತಂದಿದ್ದ ಲಿಂಬೆಹಣ್ಣಿನ ಚೀಲದಲ್ಲಿ ಕೈಯಾಡಿಸಿ, ಹಳದಿ ಹಣ್ಣುಗಳನ್ನೆಲ್ಲ ಬದಿಗೆ ಸರಿಸಿ, ಸಣ್ಣ ಹಸಿರು ಕಾಯಿಯೊಂದನ್ನು ಆರಿಸಿದಳು. ಕಲ್ಲಿನಷ್ಟು ಗಟ್ಟಿ. ಎಡಗಾಲು ಮುಂದಿಟ್ಟು ಮೊಣಕಾಲು ಮಡಿಸಿ ನೆಲಕ್ಕೆ ಬಗ್ಗಿದಳು. ಆಗ ನನಗೆ ಹೊಳೆಯಿತು. ಕೊರ್ಲಹಳ್ಳಿ! ಹೊಳೆದಂಡೆ! ಒಂಬತ್ತು ಸರ್ತಿ!

ಕೈ ಬೀಸಿದ್ದು ಕಾಣಲೇ ಇಲ್ಲ. ಕಾಯಿ ನೀರಿಗೆ ಬಡಿದು ಜಿಗಿಯಿತು. ಒಂದು. ಮತ್ತೆ ಬಡಿದು ಜಿಗಿಯಿತು. ಎರಡು. ಮೂರನೆಯದು ತೀರ ಸಣ್ಣ ಜಿಗಿತ, ಇನ್ನೇನು ಮುಳುಗಿತು ಅನ್ನುವಷ್ಟರಲ್ಲಿ ಆಚೆ ದಂಡೆ ಹತ್ತಿ, ಉರುಳಿ, ಉರುಳಿ, ಬನ್ನಿ ಗಿಡದ ಬೇರಿಗೆ ಟಪ್ ಎಂದು ಬಡಿದು ನಿಂತಿತು.

"ನಲವತ್ತು!" ಎಂದು ನಾನು ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ. ಜನ ಆ ನೀರಿನಲ್ಲೇ ಕುಣಿದರು. ಜನ್ನತಬಿ ಮಂಜವ್ವನನ್ನು ಎತ್ತಿಕೊಂಡೇಬಿಟ್ಟಳು. ನಾನು ಅತ್ತೆ, ಮೂಗು ಸೋರುವಷ್ಟು ಅತ್ತೆ. ಮಂಜವ್ವ ಮಾತ್ರ ನನ್ನ ಕಡೆ ನೋಡಿ, "ಈಗರ ನಂಬ್ತೀರೇನ್ರಿ ಅಕ್ಕೋರ?" ಎಂದಳು.

ನಂದೀಶ ಕನ್ನಡಕ ಏರಿಸಿಕೊಂಡು ಬಂದ. "ಆತು ಬಿಡ್ರಿ, ಭಾರಿ ಮಜಾ ಬಂತು. ಹಬ್ಬದ ಚ್ಯಾಷ್ಟಿ ಅಲ್ಲೇನ್ರಿ ಇದೆಲ್ಲ? ಮಂಜವ್ವಗ ಒಂದ ಸೀರಿ ಕೊಡೂಣಂತ" ಎಂದ.

ಉಳವಪ್ಪ ಸಾಹುಕಾರರು ಜೀಪಿನಿಂದ ಇಳಿದರು. ಯಾರ ಕೈಯನ್ನೂ ಹಿಡಿಯದೆ ಇಳಿದರು. "ಕೊಬ್ಬರಿ ಕೊಟ್ಟಾಂವ ಯಾರು?" ಎಂದು ಕೇಳಿದರು. ಮಗ ತಲೆ ತಗ್ಗಿಸಿದ. "ಈ ಊರಾಗ ಪಂಚಮಿ ಕೊಬ್ಬರಿ ಕೊಟ್ಟು ಮಾತ ತಪ್ಪಿದ ಮನಿ ನನಗ ಗೊತ್ತಿದ್ದಂಗ ಒಂದೂ ಇಲ್ಲ. ನಮ್ಮನಿ ಮೊದಲನೇದ ಆಗಬೇಕೇನೋ? ಹಿಂದಕ ಒಮ್ಮೆ ನಾ ಈಕಿಗಿ ಮಾತು ಕೊಟ್ಟಿದ್ದೆ. ಅದನ್ನ ನೀ ತಿಂದಿ, ನಾ ಸುಮ್ನ ಕುಂತೆ. ಈಗ ನಿನ್ನ ಮಾತು ನೀನ ತಿನ್ನಬ್ಯಾಡ."

ಸುತ್ತ ನೂರಾರು ಮೊಬೈಲುಗಳು ಎತ್ತಿದಂತೆಯೇ ಇದ್ದವು. ನಂದೀಶ ಅವುಗಳನ್ನು ನೋಡಿದ, ಗೋವಾದವರನ್ನು ನೋಡಿದ, ಕೊನೆಗೆ ತಂದೆಯ ನಡುಗುವ ಕಾಲು ನೋಡಿದ. "ಆತ್ರಿ ಅಪ್ಪಾಜಿ" ಎಂದ. ಆ ಎರಡು ಪದ ಹೇಳುವಾಗ ಮೊದಲ ಸಲ ಅವನು ನಮ್ಮೂರಿನ ಹುಡುಗನಂತೆ ಕಂಡ.

ಮಂಜವ್ವ ಬನ್ನಿ ಗಿಡದ ಬುಡದಲ್ಲಿ ಕುಳಿತು ಕೊಬ್ಬರಿ ಬಟ್ಟಲನ್ನು ಕಲ್ಲಿಗೆ ಒಡೆದಳು. ಹತ್ತು ಹೆಂಗಸರಿಗೆ ಹತ್ತು ಚೂರು, ಸಾಹುಕಾರರಿಗೊಂದು, ನನಗೊಂದು. ಆಮೇಲೆ ಎದ್ದು ಹೋಗಿ ನಂದೀಶನ ಮುಂದೆ ಕೈ ಚಾಚಿದಳು. ಅವನು ಬೇಡವೆಂದು ಹಿಂದೆ ಸರಿದ.

"ತಗೋರಿ. ಪಂಚಮಿ ಪಂದ್ಯದಾಗ ಸೋತಾವಗೂ ಪಾಲು ಇರತೈತಿ" ಎಂದಳು. ಅಲ್ಲಿಯ ತನಕ ಗಟ್ಟಿಯಿದ್ದ ಅವಳ ದನಿ ಆಗ ಒಡೆಯಿತು. "ನನ್ನ ಗಂಡ ಸೋತು ಬಂದ ದಿನ ಅವಗ ಯಾರೂ ಒಂದ ಚೂರು ಕೊಡಲಿಲ್ರಿ ಸಾವಕಾರ. ನಿಮ್ಮ ಕ್ಲಬ್ಬಿನ್ಯಾಗ ಕೊಡ್ತಿದ್ರೇನು?"

ನಂದೀಶ ಕೊಬ್ಬರಿ ಇಸಿದುಕೊಂಡು ಬಾಯಿಗೆ ಹಾಕಿಕೊಂಡ. ಬಾಗಿಲಿಗೆ ಜಾಗವಿಲ್ಲದ ಕ್ಲಬ್ಬಿಗೆ ಗೋವಾದವರು ಮತ್ತೆ ಬರಲಿಲ್ಲ. ಹದಿನೈದು ದಿನಕ್ಕೆ ಬೋರ್ಡು ಇಳಿಯಿತು. ಆ ಕಟ್ಟಡದಲ್ಲಿ ಈಗ ಮಾಲಿನೊಳಗಿನಿಂದ ಬಾಗಿಲಿಟ್ಟ ಮಕ್ಕಳ ಬಟ್ಟೆಯ ಅಂಗಡಿ ಇದೆ, ಚೆನ್ನಾಗಿ ನಡೆಯುತ್ತಿದೆಯಂತೆ. ಜಾಗದ ಕಾಗದ ಬಂದಾಗ ನಾನು ಮೂರು ತಪ್ಪು ಹುಡುಕಿ ಕೆಂಪು ಗೆರೆ ಎಳೆದು ವಾಪಸು ಕಳಿಸಿದೆ. ಎರಡನೇ ಸಲ ಸರಿಯಾಗಿ ಬಂತು. ಗಣಪತಿ ಕೂರುವ ಮುನ್ನಾದಿನ ನೋಂದಣಿ ಮುಗಿಯಿತು. ಹನ್ನೊಂದು ಹೆಸರು, ಹನ್ನೊಂದು ಹೆಬ್ಬೆಟ್ಟು.

ಅವತ್ತು ಕಚೇರಿಯಿಂದ ಬಂದು ಎಲ್ಲರೂ ತಗಡಿನಡಿ ಕುಳಿತಿದ್ದೆವು. ಮಂಜವ್ವನ ಬಲಗೈ ಇನ್ನೂ ಜೋಳಿಗೆಯಲ್ಲಿತ್ತು. ಸಂಘದ ನಿಯಮಗಳ ಪುಸ್ತಕ ನನ್ನ ಮುಂದೆ ಸರಿಸಿದಳು.

"ಒಂದ ನಿಯಮ ಬರೀರಿ ಅಕ್ಕೋರ. ಈ ಒಲಿ ಇಟ್ಟು ಇನ್ನ ಮ್ಯಾಲ ಯಾರೂ ಪಂದ್ಯ ಕಟ್ಟಬಾರದು. ಗೆಲ್ಲೂದು ಖಾತ್ರಿ ಇದ್ರೂ ಕಟ್ಟಬಾರದು. ಮೊದಲ ಹೆಸರು ನಂದ ಬರೀರಿ."

"ಗೆದ್ದಿಯಲ್ಲಬೇ, ಮತ್ಯಾಕ?" ಎಂದೆ.

"ಗೆದ್ದೆ, ಖರೆ. ಆದ್ರ ಮೂವತ್ತೊಂಬತ್ತನೇದಕ್ಕ ಆ ನೀರು ಕಂಡಾಗ, ಮೂಕಪ್ಪ ಆ ಕುಣ್ಯಾಗ ಯಾಕ ಮೂರ ದಿನ ಕುಂತಿದ್ದ ಅಂತ ನನಗ ತಿಳೀತು" ಎಂದಳು.

ನಾನು ಬರೆದೆ. ಕೆಂಪು ಪೆನ್ನಿನಲ್ಲೇ ಬರೆದೆ.